ಜೀಸಿಸ್‌ನನ್ನು ಕರಗಿಸದ ಮಣ್ಣು

ಲಂಬ್ರಿನಿಯ ಬಗ್ಗೆ ಬರೆಯಲು ಕೂತರೆ ಮೊದಲು ನನ್ನ ಬಾಯಿಗೆ ಬರುವುದು ನಮ್ಮೂರಿನವರ ಮೇಲಿನ ಬೈಗುಳ. ಬರಲಿ ಬಿಡಿ, ಅವರಿಗೆ ಸಲ್ಲಬೇಕಾದದ್ದೇ. ನಾನೂ ಅದೇ ಊರಿನ ಹೆಂಗಸು, ಅವಳ ಪಕ್ಕದ ಮನೆಯವಳು, ಆದ್ದರಿಂದ ಬೈಯುವ ಹಕ್ಕು ನನಗಿದೆ.

ಪಿಂಡಸ್ ಬೆಟ್ಟದ ನಮ್ಮ ಓಣಿಯಲ್ಲಿ ಲಂಬ್ರಿನಿಯ ಗಂಟಲು ಮೊದಲು ಕೇಳಿಸುತ್ತಿತ್ತು, ಆಮೇಲೆ ಅವಳು ಕಾಣಿಸುತ್ತಿದ್ದಳು. ಹೇಸರಗತ್ತೆಯ ಮೇಲೆ ಸೌದೆ ಹೇರಿಕೊಂಡು ಬರುವಾಗ ಕತ್ತೆಗೊಂದು ಬೈಗುಳ, ದಾರಿಗೊಂದು ಬೈಗುಳ, ದಾರಿ ರಿಪೇರಿ ಮಾಡಿಸದ ಊರಿನ ಗಂಡಸರಿಗೆ ಉಳಿದದ್ದೆಲ್ಲ. ಒಮ್ಮೆ ಚೀಸಿನ ವ್ಯಾಪಾರಿ ತಕ್ಕಡಿಗೆ ಬೆರಳು ತಾಗಿಸಿದ್ದನ್ನು ಕಂಡು ಹಾಲಿನ ಕ್ಯಾನನ್ನೇ ಅವನ ಮೇಲೆ ಎಸೆದಿದ್ದಳು. ಅವಳ ಗಂಡ ಜೀಸಿಸ್ ಮರ ಕಡಿಯುವವನು. ದಿನಕ್ಕೆ ನಾಲ್ಕು ಮಾತಾಡಿದರೆ ಹೆಚ್ಚು. ಅವನ ಪಾಲಿನ ಮಾತನ್ನೂ ಹೆಂಡತಿಯೇ ಆಡಿ ಮುಗಿಸುತ್ತಾಳೆ ಎಂದು ನಾವು ನಗುತ್ತಿದ್ದೆವು.

ಅಂಥ ಜೀಸಿಸ್ ಊರಿಗಾಗಿ ಒಂದೇ ಒಂದು ಸಲ ಬಾಯಿಬಿಟ್ಟ. ಆಡುಗಳ ಕುಳ ಸ್ಟೆರ್ಗಿಯೊ ಮೇಲಿನ ಹುಲ್ಲುಗಾವಲು ತನ್ನ ಅಜ್ಜನದ್ದೆಂದು ಬೇಲಿ ಹಾಕಿಬಿಟ್ಟಿದ್ದ. ಪಟ್ಟಣದ ಕೋರ್ಟಿನಲ್ಲಿ ಸಾಕ್ಷಿ ಹೇಳಲು ಯಾರಿಗೂ ಎದೆ ಇರಲಿಲ್ಲ. ಜೀಸಿಸ್ ಹೋಗಿ ಸುವಾರ್ತೆಯ ಮೇಲೆ ಕೈಯಿಟ್ಟು, ಆ ಹುಲ್ಲು ಇಡೀ ಊರಿನದು ಎಂದ. ಸ್ಟೆರ್ಗಿಯೊ ಸೋತ. ಜೀಸಿಸ್‌ಗೆ ಅದರಿಂದ ಒಂದು ಕಡ್ಡಿಯ ಲಾಭವೂ ಇರಲಿಲ್ಲ, ಅವನ ಮನೆಯಲ್ಲಿ ಆಡೇ ಇರಲಿಲ್ಲ. ಇವತ್ತಿಗೂ ಅಲ್ಲಿ ಮೇಯುವುದು ಊರಿನವರ ಆಡುಗಳು. ಇದನ್ನು ನೆನಪಿಟ್ಟುಕೊಂಡು ಮುಂದಿನದನ್ನು ಓದಿ, ನಿಮಗೂ ಸಿಟ್ಟು ಬರದಿದ್ದರೆ ಹೇಳಿ.

ಆಮೇಲಿನ ಚಳಿಗಾಲದಲ್ಲಿ ಜೀಸಿಸ್ ಎದೆನೋವಿನಿಂದ ಸತ್ತ. ಚರ್ಚಿನ ಹಿಂದಿನ ಹಳೇ ಸ್ಮಶಾನ ಸುಣ್ಣಕಲ್ಲಿನ ದಿಬ್ಬದ ಮೇಲಿತ್ತು, ಒಣ ಜಾಗ. ಆದರೆ ಅದು ತುಂಬಿಹೋಗಿತ್ತು. ಅದಕ್ಕೇ ಬಿಸಿಲು ಬೀಳದ ಬದಿಯಲ್ಲಿ, ಬೀಚ್ ಎಂಬ ಕಾಡುಮರಗಳ ಇಳಿಜಾರಿನಲ್ಲಿ ಒಂದು ತುಂಡು ಕಾಡು ಕಡಿದು ಹೊಸ ಸ್ಮಶಾನ ಮಾಡಿದ್ದರು. ಅಲ್ಲಿಗೆ ಮೊದಲು ಹೋದವನು ಜೀಸಿಸ್. ಎರಡು ವರ್ಷದ ಮೇಲೆ ಸ್ಟೆರ್ಗಿಯೊನ ತಾಯಿ ವಾಯಾ ಅಜ್ಜಿಯನ್ನೂ ಅಲ್ಲೇ, ಅವನಿಗಿಂತ ಸ್ವಲ್ಪ ಕೆಳಗೆ ಮಣ್ಣು ಮಾಡಿದರು. ಆ ಮುದುಕಿ ಊರಿನ ಸೂಲಗಿತ್ತಿ. ಮಗನ ಗುಣ ಒಂದಿಷ್ಟೂ ಅವಳಲ್ಲಿರಲಿಲ್ಲ.

ನಮ್ಮಲ್ಲಿ ಸತ್ತವರನ್ನು ಮಣ್ಣಿನಲ್ಲಿ ಬಿಟ್ಟುಬಿಡುವುದಿಲ್ಲ. ಐದು ವರ್ಷಕ್ಕೆ ಅಗೆದು, ಎಲುಬನ್ನು ವೈನಿನಲ್ಲಿ ತೊಳೆದು, ಪೆಟ್ಟಿಗೆಯಲ್ಲಿಟ್ಟು ಎಲುಬಿನ ಮನೆಗೆ ಸೇರಿಸುತ್ತೇವೆ. ಎಲುಬು ಹಳದಿಯಾಗಿ ಸ್ವಚ್ಛವಾಗಿ ಬಂದರೆ ಒಳ್ಳೆಯ ಆತ್ಮ. ಮಾಂಸ ಕರಗದೆ ಬಂದರೆ ಶಾಪ, ಇಲ್ಲವೇ ಸುಳ್ಳು ಪ್ರಮಾಣ.

ಜೀಸಿಸ್‌ನನ್ನು ತೆಗೆದ ದಿನ ಗುದ್ದಲಿ ಹಿಡಿದವರಲ್ಲಿ ನಾನೂ ಇದ್ದೆ. ಮೇಲಿನ ಕಪ್ಪು ಎಲೆಮಣ್ಣು ಸಲೀಸಾಗಿ ಬಂತು. ಮೊಣಕಾಲುದ್ದ ಹೋಗುವಷ್ಟರಲ್ಲಿ ಗುಂಡಿಯ ಗೋಡೆಯಿಂದ ನೀರು ಜಿನುಗತೊಡಗಿತು. ಅದರ ಕೆಳಗೆ ಬೂದು ಬಣ್ಣದ, ನಡುನಡುವೆ ತುಕ್ಕಿನ ಕಲೆಯಿದ್ದ ಗಟ್ಟಿ ಪದರ. ಗೋರಿಯನ್ನು ಆ ಪದರದಲ್ಲೇ ಕೊರೆದಿದ್ದರು, ಕಲ್ಲಿನ ತೊಟ್ಟಿಯ ಹಾಗೆ. ತೊಟ್ಟಿಯ ತುಂಬ ನೀರು, ನೀರಿನಲ್ಲಿ ಜೀಸಿಸ್. ಮುಖ ಮೇಣದ ಹಾಗೆ ಬಿಳುಚಿಕೊಂಡಿತ್ತು. ಮೀಸೆಯೂ ಹಾಗೇ ಇತ್ತು.

ಬೇಲಿಯ ಆಚೆ ನಿಂತಿದ್ದ ಸ್ಟೆರ್ಗಿಯೊ ಕೂಗಿದ: "ನೋಡ್ಕೊಳ್ರಪ್ಪೋ! ದೇವರ ಮುಂದೆ ಸುಳ್ಳು ಹೇಳಿದವನನ್ನ ಮಣ್ಣೂ ಮುಟ್ಟಲ್ಲ!"

ಲಂಬ್ರಿನಿ ಕೈಗೆ ಸಿಕ್ಕ ಹೆಂಟೆಯನ್ನು ಎಸೆದಳು. ಅದು ಅವನ ಭುಜಕ್ಕೆ ಬಿತ್ತು. "ಥೂ ನಿನ್ನ! ಐದು ವರ್ಷದಿಂದ ಇದಕ್ಕೇ ಕಾಯ್ತಿದ್ಯೇನೋ?" ಎಂದು ಚೀರಿದಳು. ಹೆಂಗಸರು ಒಬ್ಬೊಬ್ಬರೇ ಶಿಲುಬೆಯ ಗುರುತು ಮಾಡಿಕೊಂಡು ಹಿಂದೆ ಸರಿದರು. ಗುಂಡಿಯ ಪಕ್ಕ ಉಳಿದವರು ನಾವು ಮೂವರು: ಅವಳು, ನಾನು, ಪಾದ್ರಿ ಥೀಮಿಯೊಸ್. ಪಾದ್ರಿ ಕೆಟ್ಟವರಲ್ಲ, ಆದರೆ ಊರಿಗೆ ಹೆದರುವವರು. ಕ್ಷಮೆಯ ಪ್ರಾರ್ಥನೆ ಓದಿ, ಮತ್ತೆ ಅದೇ ನೀರಿನಲ್ಲಿ ಮುಚ್ಚಿಸಿದರು.

"ಹಳೇ ದಿಬ್ಬದಲ್ಲಿ ಒಂದು ಮೂಲೆ ಕೊಡಿ ಪಾದ್ರಿಗಳೇ, ಅಲ್ಲಿ ಒಣಗಿದೆ," ಎಂದು ಲಂಬ್ರಿನಿ ಬೇಡಿಕೊಂಡಳು. ಅವಳು ಯಾರನ್ನಾದರೂ ಬೇಡಿಕೊಂಡದ್ದನ್ನು ನಾನು ಕಂಡದ್ದು ಅದೊಂದೇ ಸಲ. ಊರಿನ ಗಂಡಸರು ಕಾಫಿ ಅಂಗಡಿಯಲ್ಲಿ ಕೂತು, ಶಾಪ ಹೊತ್ತವನನ್ನು ತಮ್ಮ ಹಿರಿಯರ ಪಕ್ಕ ಮಲಗಿಸುವುದಿಲ್ಲ ಎಂದುಬಿಟ್ಟರು. ಹಾಗೆಂದವರ ಆಡುಗಳು ಆ ಹೊತ್ತಿನಲ್ಲಿ ಎಲ್ಲಿ ಮೇಯುತ್ತಿದ್ದವು ಗೊತ್ತೇ? ಜೀಸಿಸ್ ಉಳಿಸಿಕೊಟ್ಟ ಹುಲ್ಲುಗಾವಲಿನಲ್ಲಿ. ನಾಚಿಕೆಗೆಟ್ಟವರು!

ಸತ್ತವರ ಶನಿವಾರ ಬಂತು. ಅವತ್ತು ಪ್ರತಿ ಮನೆಯವರೂ ಬೇಯಿಸಿದ ಗೋಧಿಗೆ ಸಕ್ಕರೆ, ದಾಳಿಂಬೆ ಬೆರೆಸಿ ಚರ್ಚಿಗೆ ತರುತ್ತಾರೆ. ಒಬ್ಬರ ತಟ್ಟೆಯಿಂದ ಇನ್ನೊಬ್ಬರು ಒಂದು ಹಿಡಿ ತಿಂದು "ದೇವರು ಕ್ಷಮಿಸಲಿ" ಎನ್ನಬೇಕು. ಲಂಬ್ರಿನಿಯ ತಟ್ಟೆಗೆ ಯಾರೂ ಕೈ ಹಾಕಲಿಲ್ಲ. ನಾನು ಹಾಕಿದೆ, ಎಲ್ಲರಿಗೂ ಕಾಣುವ ಹಾಗೆ ಬಾಯಿತುಂಬ ತಿಂದೆ. ಉಳಿದದ್ದನ್ನು ಅವಳು ಹಾಗೇ ಹೊತ್ತು ಮನೆಗೆ ತಂದಳು. ದಾರಿಯುದ್ದಕ್ಕೂ ಒಂದು ಬೈಗುಳವೂ ಇಲ್ಲ. ನನಗೆ ಹೆದರಿಕೆಯಾದದ್ದು ಅದಕ್ಕೆ.

ಮಾರ್ಚಿನಲ್ಲಿ ಹಿಮ ಕರಗಿದಾಗ ದೊಡ್ಡ ಗಾಳಿ ಬೀಸಿ ಸ್ಮಶಾನದ ಅಂಚಿನ ಬೀಚ್ ಮರವೊಂದು ಬುಡಸಮೇತ ಮಲಗಿತು. ಅವಳು ನನ್ನನ್ನು ಎಳೆದುಕೊಂಡು ಹೋಗಿ ತೋರಿಸಿದಳು. ಅಷ್ಟು ದೊಡ್ಡ ಮರ, ಆದರೆ ಕೆಳಕ್ಕೆ ಹೋದ ಬೇರು ಒಂದೂ ಇಲ್ಲ. ಬೇರುಗಳೆಲ್ಲ ಗಟ್ಟಿ ಪದರವನ್ನು ಮುಟ್ಟಿದಲ್ಲೇ ತಿರುಗಿ, ಅದರ ಮೇಲೆ ಚಪ್ಪಟೆಯಾಗಿ ಹರಡಿಕೊಂಡಿದ್ದವು. ಬುಡ ಎದ್ದ ಗುಂಡಿಯಲ್ಲಿ ಆಗಲೇ ನೀರು ನಿಂತಿತ್ತು.

"ನೋಡೇ," ಎಂದಳು. "ಮರಕ್ಕೂ ಒಳಗೆ ಹೋಗಕ್ಕಾಗಿಲ್ಲ, ನೀರಿಗೂ ಆಗಿಲ್ಲ. ಈ ಮರ ಯಾವ ಕೋರ್ಟಲ್ಲಿ ಸುಳ್ಳು ಹೇಳಿತ್ತು, ಕೇಳು ಆ ಸ್ಟೆರ್ಗಿಯೊನ್ನ!"

"ನೀನು ಹೇಳಿದ್ರೆ ಕೇಳ್ತಾರೇನಕ್ಕ?"

"ಯಾರು ಹೇಳಕ್ಕೆ ಹೊರಟಿದ್ದಾರೆ? ಅಗೀತೀನಿ."

ಮೊದಲ ಸಲ ಅವಳು ತಪ್ಪು ಮಾಡಿದಳು. ಗೋರಿಯ ಪಕ್ಕದಿಂದ ಇಳಿಜಾರಿಗೆ ಕಾಲುವೆ ತೆಗೆದಳು ನಿಜ, ಆದರೆ ಗಟ್ಟಿ ಪದರ ಸಿಕ್ಕಿದಲ್ಲೇ ನಿಲ್ಲಿಸಿದಳು. ಮೇಲಿನ ನೀರು ಹರಿಯಿತು, ತೊಟ್ಟಿಯ ನೀರು ಅಲ್ಲೇ ಉಳಿಯಿತು. ಕಾಫಿ ಅಂಗಡಿಯಲ್ಲಿ ನಗೆಯೋ ನಗೆ. "ಹೆಣಕ್ಕೆ ಚರಂಡಿ ಹಾಕ್ಸಿದ್ದಾಳಂತೆ! ಇನ್ನು ನಲ್ಲೀನೂ ಹಾಕ್ಸೋದೊಂದು ಬಾಕಿ!" ಎಂದು ಆಡಿಕೊಂಡರು.

ಅವಳು ಆಗಸ್ಟಿನಲ್ಲಿ ಮತ್ತೆ ಶುರು ಮಾಡಿದಳು. ಈ ಸಲ ತೊಟ್ಟಿಯ ತಳಕ್ಕಿಂತ ಕೆಳಗಿನಿಂದ, ಇಳಿಜಾರಿನಿಂದ ಮೇಲಕ್ಕೆ, ಪದರವನ್ನೇ ಸೀಳಿಕೊಂಡು. ಬೇಸಿಗೆಯಲ್ಲಿ ಆ ಮಣ್ಣು ಸುಟ್ಟ ಇಟ್ಟಿಗೆ. ಗುದ್ದಲಿ ಹಾಕಿದರೆ ಕೈಗೇ ತಿರುಗಿ ಬಡಿಯುತ್ತದೆ. ಕಿತ್ತ ಒಣ ಹೆಂಟೆಯನ್ನು ಬಕೆಟ್ಟಿನ ನೀರಿಗೆ ಹಾಕಿದರೆ ಬಿಸ್ಕತ್ತಿನ ಹಾಗೆ ಪುಡಿಯಾಗಿ ಬಿಡುತ್ತದೆ. ಅದೇ ಮಣ್ಣು ನೆಲದೊಳಗೆ ಒತ್ತಿಕೊಂಡು ಕೂತಾಗ ಒಂದು ಹನಿಯನ್ನೂ ಇಳಿಯಲು ಬಿಡುವುದಿಲ್ಲ. ನಮ್ಮೂರಿನವರೂ ಹಾಗೇ. ಒಬ್ಬೊಬ್ಬರನ್ನೇ ಮನೆಯಲ್ಲಿ ಹಿಡಿದು ಕೇಳಿದರೆ, "ಜೀಸಿಸ್ ಒಳ್ಳೆಯವನೇ ಬಿಡಮ್ಮ," ಎನ್ನುತ್ತಿದ್ದರು. ಒಟ್ಟಿಗೆ ನಿಂತರೆ ಮುಗಿಯಿತು.

ಅವಳ ಅಂಗೈಯಲ್ಲಿ ಬೊಬ್ಬೆಗಳು ಎದ್ದವು, ಒಡೆದವು, ಮತ್ತೆ ಎದ್ದವು. ನಾನು ಬುತ್ತಿ ಒಯ್ದು ಕೊಟ್ಟು ಗುದ್ದಲಿ ಕೇಳಿದರೆ ಕೊಡುತ್ತಿರಲಿಲ್ಲ. "ನನ್ನ ಗಂಡನ ನೀರು, ನಾನೇ ಬಿಡಿಸ್ತೀನಿ," ಎನ್ನುತ್ತಿದ್ದಳು. ಸೆಪ್ಟೆಂಬರಿನ ಮೊದಲ ಮಳೆಗೆ ಆ ಕಾಲುವೆಯ ಬಾಯಿಂದ ಕಂದು ನೀರು ಗಳಗಳ ಎಂದು ಸುರಿಯಿತು. ಅವಳು ಅದರ ಮುಂದೆ ಕೂತು ತಲೆವಸ್ತ್ರಕ್ಕೆ ಮುಖ ಒತ್ತಿಕೊಂಡು ಅತ್ತಳು. ನಾನೂ ಅತ್ತೆ. ಊರು ನಗುತ್ತಲೇ ಇತ್ತು.

ಮರುವರ್ಷದ ವಸಂತದಲ್ಲಿ ವಾಯಾ ಅಜ್ಜಿಯ ಸರದಿ ಬಂತು. ಸ್ಟೆರ್ಗಿಯೊ ತಾಯಿಯ ಎಲುಬಿಗೆಂದು ಕೆತ್ತನೆಯ ಪೆಟ್ಟಿಗೆ ಮಾಡಿಸಿ ತಂದಿದ್ದ. ಜನರಿಗೆ ಹಂಚಲು ರೊಟ್ಟಿ, ದ್ರಾಕ್ಷಿ ಸಾರಾಯಿ. ಇಡೀ ಊರು ಇಳಿಜಾರಿನಲ್ಲಿ ನೆರೆದಿತ್ತು. ಲಂಬ್ರಿನಿಯೂ ಬಂದು ಒಂದು ಕಡೆ ನಿಂತಳು. ಗುದ್ದಲಿ ಅವಳ ಹೆಗಲ ಮೇಲಿತ್ತು, ಕಾಲುವೆಯ ಕೆಸರು ತೆಗೆಯಲು ಬಂದವಳು.

ಗುಂಡಿ ತೆರೆದರು. ತೊಟ್ಟಿ, ನೀರು, ನೀರಿನಲ್ಲಿ ವಾಯಾ ಅಜ್ಜಿ. ಜಡೆ ಸುತ್ತಿದ ತಲೆ, ಮೇಣದ ಮುಖ. ಊರಿನ ಅರ್ಧ ಜನರನ್ನು ಭೂಮಿಗೆ ತಂದ ಕೈಗಳು ಹಾಗೇ ಎದೆಯ ಮೇಲಿದ್ದವು.

ಎಲ್ಲರೂ ಸ್ಟೆರ್ಗಿಯೊನ ಮುಖ ನೋಡಿದರು. ಅವನು ಟೋಪಿ ತೆಗೆದು, ಮತ್ತೆ ಹಾಕಿಕೊಂಡು, ಕೊನೆಗೆ ಎಂದ: "ನೀರು ಕಣ್ರೋ. ಇಲ್ಲಿ ನೀರು ನಿಂತಿದೆ. ಈ ಜಾಗದ ಮಣ್ಣೇ ಸರಿಯಿಲ್ಲ."

"ಹೌದೌದು, ಮಣ್ಣೇ ಸರಿಯಿಲ್ಲ," ಎಂದರು ಎಲ್ಲರೂ. ಎಷ್ಟು ಬೇಗ ಎಂದರು! ಅವರ ಮನೆಯ ಹೆಣವಾದರೆ ಮಣ್ಣಿನ ತಪ್ಪು, ಬಡವನ ಹೆಣವಾದರೆ ಹೆಣದ ತಪ್ಪು. ನನ್ನ ಮೈ ಉರಿದುಹೋಯಿತು. "ಹೋದ ಸಲ ಕಣ್ಣೆಲ್ಲಿಟ್ಟಿದ್ರಿ?" ಎಂದು ಕೇಳಲು ಬಾಯಿ ತೆರೆದಿದ್ದೆ. ಲಂಬ್ರಿನಿ ನನ್ನ ತೋಳು ಹಿಡಿದು ನಿಲ್ಲಿಸಿದಳು.

ಅವಳು ಗುಂಡಿಯ ಹತ್ತಿರ ಹೋದಳು. ಹೆಂಗಸರು ದಾರಿ ಬಿಟ್ಟರು. ಕುಣಿದಾಡಲು ಬಂದಿದ್ದಾಳೆ ಎಂದುಕೊಂಡಿರಬೇಕು. ಅವಳು ಮಂಡಿಯೂರಿ, "ಅಯ್ಯೋ ನನ್ನಮ್ಮಾ, ನಿನಗೂ ಚಳಿಯಾಯ್ತೇನೇ," ಎಂದು ಮುದುಕಿಯ ಕೈಯನ್ನು ತಲೆವಸ್ತ್ರದ ತುದಿಯಿಂದ ಒರೆಸಿದಳು. ಲಂಬ್ರಿನಿಯ ಇಬ್ಬರು ಹೆಣ್ಣುಮಕ್ಕಳೂ ಹುಟ್ಟಿದ್ದು ಆ ಕೈಗಳಲ್ಲೇ.

ಸ್ಟೆರ್ಗಿಯೊ ತಗ್ಗಿದ ದನಿಯಲ್ಲಿ, "ಲಂಬ್ರಿನಿ, ನೀನು ಆ ಕಾಲುವೆ ತೆಗೆದಿದ್ದೀಯಲ್ಲ... ಅಮ್ಮನಿಗೂ ಒಂದು ಹಾಗೇ..." ಎಂದ.

ಅವಳು ಎದ್ದು, ಗುದ್ದಲಿಯನ್ನು ಅವನ ಎದೆಗೆ ಹಿಡಿದಳು. "ತಗೋ. ಅಲ್ಲಿ ಕೆಳಗಿಂದ ಶುರು ಮಾಡು. ಗಟ್ಟಿ ಸಿಕ್ತು ಅಂತ ನಿಲ್ಲಿಸ್ಬೇಡ."

"ಆಳುಗಳನ್ನ ಕರೆಸ್ತೀನಿ..."

"ಯಾರ ಅಮ್ಮ ಅವಳು? ಆಳುಗಳಮ್ಮನೋ, ನಿನ್ನಮ್ಮನೋ?"

ಜನ ನೋಡುತ್ತಿದ್ದರು. ಅವನು ಕೋಟು ಬಿಚ್ಚಿದ. ಕಪ್ಪು ಮಣ್ಣು ಹೋಯಿತು, ಬೇರು ಹೋಯಿತು. ಪದರಕ್ಕೆ ಮೊದಲ ಏಟು ಹಾಕಿದಾಗ ಗುದ್ದಲಿ ಠಣ್ ಎಂದು ಹಿಂದಕ್ಕೆ ಹಾರಿ ಅವನು ಮಣಿಕಟ್ಟು ಹಿಡಿದುಕೊಂಡ. ಗಾಳಿಗೆ ಬಿದ್ದಿದ್ದ ಬೀಚ್ ಮರದ ಮೇಲೆ ಲಂಬ್ರಿನಿ ಕೂತು ನೋಡಿದಳು. ನೀರನ್ನೂ ಕೊಡಲಿಲ್ಲ. ಯಾರಿಗೂ ಮನೆಗೆ ಹೋಗುವ ಧೈರ್ಯವಾಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅವನ ಅಂಗೈಯಿಂದ ಹಿಡಿಗೆ ರಕ್ತ ಹತ್ತಿತ್ತು. ಏದುಸಿರು ಬಿಡುತ್ತಾ ನಿಂತು ಅವಳ ಕಡೆ ನೋಡಿದ.

"ಜೀಸಿಸ್ ಸುಳ್ಳು ಹೇಳಿರಲಿಲ್ಲ," ಎಂದು ಗೊಣಗಿದ.

"ನನಗೇನು ಹೇಳ್ತೀಯ? ನನಗದು ಗೊತ್ತು. ಅವರ ಕಡೆ ತಿರುಗು."

ಅವನು ತಿರುಗಿದ. ಪಾದ್ರಿ ಥೀಮಿಯೊಸ್ ತಲೆ ತಗ್ಗಿಸಿದರು. "ಜೀಸಿಸ್ ಕೋರ್ಟಲ್ಲಿ ಹೇಳಿದ್ದು ನಿಜ," ಎಂದ ಸ್ಟೆರ್ಗಿಯೊ. "ಹುಲ್ಲುಗಾವಲು ನನ್ನಜ್ಜನದ್ದಲ್ಲ. ನನಗೆ ಆವಾಗ್ಲೂ ಗೊತ್ತಿತ್ತು."

"ಹಿಂದಿನವರಿಗೆ ಕೇಳಿಸಿಲ್ಲ."

ಅವನು ಎರಡನೇ ಸಲ ಹೇಳಿದ, ಗಂಟಲು ಬಿರಿಯುವ ಹಾಗೆ. ಕೊನೆಯಲ್ಲಿ ನಿಂತಿದ್ದ ಮುದುಕರೂ ಟೋಪಿ ತೆಗೆದರು. ಗುದ್ದಲಿಯನ್ನು ನೆಲಕ್ಕೂರಿ, ಇನ್ನು ಮುಗಿಯಿತೆಂಬಂತೆ ಅವನು ಕೋಟಿಗೆ ಕೈ ಚಾಚಿದ.

"ಕೋಟು ಆಮೇಲೆ ಹಾಕ್ಕೊಳ್ಳೀವಂತೆ," ಎಂದಳು ಲಂಬ್ರಿನಿ. "ನಿನ್ನಮ್ಮ ಇನ್ನೂ ನೀರಲ್ಲೇ ಇದ್ದಾಳೆ. ಅಗಿ."