ಅಡಿಟಿಪ್ಪಣಿಯಲ್ಲಿ ಇಲ್ಲದ ಹೆಸರು

ಕಳೆದ ಸೋಮವಾರ ಒಬ್ಬ ಕಳ್ಳನನ್ನು ಹಿಡಿದೆ. (ಕಳ್ಳಿ ಎನ್ನಬೇಕು. ಕನ್ನಡ ಮಾಸ್ತರ ವ್ಯಾಕರಣ ತಪ್ಪಬಾರದು.)

ಆಕೆ ಶಾಂತಾ, ನನ್ನ ಎಂ.ಎ. ವಿದ್ಯಾರ್ಥಿನಿ. ಹುಬ್ಬಳ್ಳಿಯ ರೈಲ್ವೆ ಫಿಟರ್ ಒಬ್ಬರ ಮಗಳು. ದಿನಾ ಬಸ್ಸಿನಲ್ಲಿ ಧಾರವಾಡಕ್ಕೆ ಬರುತ್ತಾಳೆ. ಬೀಸುವ ಕಲ್ಲಿನ ಹಾಡುಗಳ ಮೇಲೆ ಪ್ರಬಂಧ ಬರೆದು, ಟೈಪು ಮಾಡಿಸಿ, ನನ್ನ ಟೇಬಲ್ಲಿನ ಮೇಲೆ ಇಟ್ಟು ಹೋಗಿದ್ದಳು. ನಲವತ್ತನೆಯ ಪುಟಕ್ಕೆ ಬಂದವನೇ ಕುರ್ಚಿಯಲ್ಲಿ ನೆಟ್ಟಗೆ ಕೂತೆ.

'ಮೂರನೆಯ ಸಾಲಾದ ಮೇಲೆ ಹಾಡು ನಿಲ್ಲುವುದು ರಾಗಕ್ಕಲ್ಲ, ಕಲ್ಲಿನ ಬಾಯಿಗೆ ಹಿಡಿ ಜೋಳ ಹಾಕುವುದಕ್ಕೆ.'

ಒಂದೆರಡು ಪದ ಆಚೀಚೆ, ಉಳಿದದ್ದೆಲ್ಲ ನನ್ನ ವಾಕ್ಯ. ಏಕೀಕರಣದ ವರ್ಷ ಒಂದು ವಿಶೇಷಾಂಕಕ್ಕೆ ಬರೆದದ್ದು. ಆ ಒಂದೇ ವಾಕ್ಯದ ಮೇಲೆ ಎಂಟು ವರ್ಷ ಬದುಕಿದ್ದೇನೆ. ಎಷ್ಟು ಭಾಷಣ, ಎಷ್ಟು ಶಾಲು, ಎಷ್ಟು ಉಪ್ಪಿಟ್ಟು! ಈಗ ಅಡಿಟಿಪ್ಪಣಿ ನೋಡಿದರೆ ನನ್ನ ಹೆಸರೇ ಇಲ್ಲ. 'ಗಂಗವ್ವ, ಕೆಲಗೇರಿ' ಎಂದು ಪಕ್ಕದ ಹಳ್ಳಿಯ ಹೆಂಗಸೊಬ್ಬಳ ಹೆಸರಿದೆ.

ಶಾಂತಾಳನ್ನು ಕರೆಸಿದೆ. ಪ್ರತಿವರ್ಷ ಮೊದಲ ಕ್ಲಾಸಿನಲ್ಲಿ ಹೇಳುವುದನ್ನೇ ಹೇಳಿದೆ: ಹೇಳಿ ತೆಗೆದುಕೊಂಡರೆ ವಿದ್ಯೆ, ಹೇಳದೆ ತೆಗೆದುಕೊಂಡರೆ ಕಳವು. (ಈ ಮಾತು ನನ್ನದಲ್ಲ. ಯಾರದೆಂದು ನೆನಪಿಲ್ಲ.)

"ಈ ವಾಕ್ಯ ಎಲ್ಲಿಂದ ತಂದಿ?"

"ಗಂಗವ್ವನ ಕಡಿಂದರಿ, ಸರ್."

"ನನ್ನ ಲೇಖನ ಓದಿಲ್ಲೇನು?"

"ಓದೇನ್ರಿ. ಖರೇ ಹೌದೋ ಅಲ್ಲೋ ಅಂತ ಕೇಳಾಕ ಕೆಲಗೇರಿಗೆ ಹೋದೆ. ನಾ ಕೇಳೂಕಿಂತ ಮೊದಲ ಅಕಿ ಅದ ಮಾತು ಹೇಳಿದ್ಳರಿ. ಹಿಂದ ಒಬ್ಬರು ಚಸ್ಮಾದ ಮಾಸ್ತರು ಬಂದು, ರೊಟ್ಟಿ ಉಂಡು, ಎಲ್ಲಾ ಬರಕೊಂಡು ಹೋದ್ರು ಅಂದ್ಳು."

ನಾನು ಚಸ್ಮಾ ತೆಗೆದು ಒರೆಸತೊಡಗಿದೆ. ಅದರ ಮೇಲೆ ಧೂಳೇನೂ ಇರಲಿಲ್ಲ.

'ಅಡಿಟಿಪ್ಪಣಿ ತಿದ್ದು' ಎಂದಿದ್ದರೆ ತಿದ್ದುತ್ತಿದ್ದಳು. ಮಾರ್ಕು ಕೊಡುವವನು ನಾನಲ್ಲವೇ? ಆ ಮಾತು ನಾಲಿಗೆಯ ತುದಿಗೆ ಬಂದಿತ್ತು, ಸುಳ್ಳು ಹೇಳಲಾರೆ. ಆದರೆ ನನ್ನ ಹೆಸರು ಬಿಟ್ಟರೆ ಏನಾಗಬಹುದೆಂದು ಗೊತ್ತಿದ್ದೇ ಬಿಟ್ಟಿದ್ದಳು ಹುಡುಗಿ.

"ನಾಳೆ ಕೆಲಗೇರಿಗೆ ಹೋಗೂಣು, ನಡಿ" ಎಂದೆ.

ಗಂಗವ್ವ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತ ಕೂತಿದ್ದಳು. ನೋಡಿದ ಕೂಡಲೆ ಗುರುತು ಹಿಡಿದಳು.

"ಅವ್ವಾ, ನೀವು ಹೇಳಿದ್ದನ್ನ ನಾ ನನ್ನ ಹೆಸರಲೆ ಅಚ್ಚು ಹಾಕಿಸೇನಿ. ತಪ್ಪಾತು" ಎಂದೆ.

ಆಕೆ ಮೊರ ಕೆಳಗಿಟ್ಟಳು. "ನಂದೆಲ್ಲೀದು ಬಿಡ್ರಿ, ಮಾಸ್ತರ. ಅದು ನಮ್ಮತ್ತಿ ಮಾತು. ನಾ ಸೊಸಿಯಾಗಿ ಬಂದಾಗ ಹಾಡಿನ ಸಾಲಿನ ನಡುವ ಕಾಳು ಹಾಕಿ ಅಕಿ ಕಡೆ ಬೈಸ್ಕೊಂಡೀನಿ. ನಿಂಗವ್ವ ಅಂತ ಅಕಿ ಹೆಸರು. ಬರಕೋ, ಮಗಳ."

ಶಾಂತಾ ಬರೆದುಕೊಂಡಳು.

ಆಕೆಗೆ ಫಸ್ಟ್ ಕ್ಲಾಸ್ ಮಾರ್ಕು ಹಾಕಿದ್ದೇನೆ. (ಬಾಯಿ ಮುಚ್ಚಿಸುವುದಕ್ಕೆ ಎಂದುಕೊಳ್ಳಬೇಡಿ. ಬಾಯಿ ನಾನೇ ಬಿಟ್ಟಾಗಿದೆ.)

ಅಕ್ಷರ ಬಾರದ ಗಂಗವ್ವ ತನಗೆ ಕಲಿಸಿದವಳ ಹೆಸರನ್ನು ಒಂದೇ ಉಸಿರಿಗೆ ಹೇಳಿದಳು. ಓದಿದ ನಮಗೇಕೆ ಎಂಟು ವರ್ಷ ಬೇಕಾಗುತ್ತದೆ?