ಔಷಧಿ ಚೀಟಿಯ ಮೇಲಿನ ದಪ್ಪಕ್ಷರ

ಅಸಾಕುಸ ಪೇಟೆಯ ನಗೆಕಥೆ ಮಂದಿರಕ್ಕೆ ನಲವತ್ತಾರು ವರ್ಷ ಕಲಾವಿದರ ಹೆಸರಿನ ಫಲಕ ಬರೆದುಬರೆದು ತಾಮಾಯೊಳ ಹೆಬ್ಬೆರಳು ಸೊಟ್ಟಗಾಗಿತ್ತು. ಆ ಅಕ್ಷರದ ಗೀಟುಗಳು ಮೈತುಂಬಿಕೊಂಡಂತೆ ದಪ್ಪ. ನಡುವೆ ಬಿಳಿ ಉಳಿದರೆ ಮಂದಿರದಲ್ಲಿ ಅಷ್ಟು ಜಾಗ ಖಾಲಿ ಉಳಿದಂತೆ ಎಂದು ಅವಳ ಗುರು ಗದರುತ್ತಿದ್ದ. ಬಲಕ್ಕೆ ಹೋದಂತೆ ಗೀಟು ಚೂರು ಮೇಲೇರಬೇಕು. ಜನವೂ ಹಾಗೇ ಏರಲಿ ಎಂದು.

ಎರಡು ವರ್ಷದ ಹಿಂದೆ ಶಿರಾಇಶಿ ಎಂಬವನು ಬಂದು ಅವಳಿಂದ ಜಪಾನಿ ಲಿಪಿಯ ಮೂರು ಸಾವಿರ ಅಕ್ಷರ ಬರೆಸಿಕೊಂಡು, ತನ್ನ ಕಂಪನಿಯಿಂದ ಕಂಪ್ಯೂಟರಿಗೆ ಹಾಕಿಸಿ ಮಾರಾಟಕ್ಕಿಟ್ಟ. ಆಮೇಲೆ ಕಂಡಕಂಡಲ್ಲೆಲ್ಲ ಅವಳದೇ ಅಕ್ಷರ. ಮೊದಮೊದಲು ನಿಂತು ನೋಡುತ್ತಿದ್ದಳು. ಬರಬರುತ್ತ ಕತ್ತೆತ್ತುವುದನ್ನೇ ಬಿಟ್ಟಳು.

ಒಂದು ಬೆಳಿಗ್ಗೆ ಹೆಬ್ಬೆರಳಿಗೆ ಮುಲಾಮು ತರಲು ಔಷಧಿ ಅಂಗಡಿಗೆ ಹೋದಳು. ಬೆಂಚಿನ ಮೇಲೆ ಕೂತಿದ್ದ ಮುದುಕಿಯೊಬ್ಬಳು ಚೀಟಿಯೊಂದನ್ನು ಅವಳ ಮುಂದೆ ಹಿಡಿದಳು.

"ತಂಗೀ, ಯಾವ ಮಾತ್ರೆ ಯಾವಾಗ ಅಂತ ಓದಿ ಹೇಳ್ತೀಯಾ? ಸತ್ತ ಇರುವೆ ಗುಡಿಸಿ ಹಾಕಿದ ಹಾಗಿದೆ. ಯಾವ ಮುಠ್ಠಾಳ ಬರೆದನೋ!"

ಚೀಟಿಯ ತುಂಬ ಅಚ್ಚಾಗಿದ್ದದ್ದು ಅವಳದೇ ಅಕ್ಷರ, ಅಕ್ಕಿಕಾಳಿನಷ್ಟು ಸಣ್ಣಗೆ. ಬಿಳಿಯೆಲ್ಲ ಮುಚ್ಚಿಹೋಗಿ ಬರೀ ಕಪ್ಪು ಚುಕ್ಕೆಗಳು. ಬರೆದವಳಿಗೇ ಓದಲಾಗಲಿಲ್ಲ.

"ಮುಠ್ಠಾಳ ಅಲ್ಲ ಅಜ್ಜಿ, ಮುಠ್ಠಾಳಿ. ನಾನೇ."

ಅಂಗಡಿಯವನನ್ನು ಕೇಳಿ ತಿಳಿದುಕೊಂಡು, ಚೀಟಿಯ ಹಿಂದೆ ತೆಳುವಾಗಿ, ಬಿಡಿಬಿಡಿಯಾಗಿ ಬರೆದುಕೊಟ್ಟಳು. ಮುದುಕಿ ಕಣ್ಣರಳಿಸಿ ಓದಿದಳು.

"ಇಷ್ಟು ಚೆನ್ನಾಗಿ ಬರೆಯೋಕೆ ಬರುತ್ತಲ್ಲ, ಮತ್ಯಾಕೆ ಹಾಗೆ ಬರೆದೆ?"

"ಅದು ಬೀದಿಯಲ್ಲಿ ನಿಂತು ಕೂಗಿ ಕರೆಯೋ ಅಕ್ಷರ, ಅಜ್ಜಿ. ಪಕ್ಕದಲ್ಲಿ ಕೂತು ಹೇಳೋದಕ್ಕಲ್ಲ."

ಮನೆಗೆ ಬಂದವಳೇ ಶಿರಾಇಶಿಯನ್ನು ಕರೆಸಿದಳು.

"ಕೊಂಡವರು ಎಲ್ಲಿ ಹಾಕ್ಕೋತಾರೋ ನಮ್ಮ ಕೈಲಿಲ್ಲ, ಗುರುಗಳೇ," ಎಂದು ಅವನು ತಲೆ ಕೆರೆದುಕೊಂಡ.

"ಎಲ್ಲಿ ಹಾಕಬೇಕು, ಎಲ್ಲಿ ಬೇಡ ಅಂತ ಒಂದು ಪುಟ ಬರೆಯೋ ಶಕ್ತಿ ನನ್ನ ಕೈಲಿ ಇನ್ನೂ ಇದೆ. ಅಕ್ಷರದ ಜೊತೆ ಅದನ್ನೂ ಕಳಿಸು."

ಬರೆಯಲು ಮೂರು ದಿನ ಹಿಡಿಯಿತು. ರಂಗಮಂದಿರದ ಫಲಕ, ಹಬ್ಬದ ಲಾಟೀನು, ಸಾಕೆ ಮದ್ಯದ ಪೀಪಾಯಿ, ಅಂಗಡಿಯ ಹೆಸರು, ಇಷ್ಟಕ್ಕೆ ಸೈ. ನಾಲ್ಕೈದು ಅಕ್ಷರ ಸಾಕು, ಅಂಗೈಗಿಂತ ಚಿಕ್ಕದಾಗಬಾರದು. ಸಾವಿನ ಸುದ್ದಿಗೆ ಬೇಡ, ಅಲ್ಲಿ ತುಂಬಬೇಕಾದ್ದು ಏನೂ ಇಲ್ಲ. ಔಷಧಿಗಂತೂ ಬೇಡವೇ ಬೇಡ.

ಹದಿನೈದು ದಿನಕ್ಕೆ ಶಿರಾಇಶಿ ಅಚ್ಚಿನ ಕರಡು ತಂದ. ಇಡೀ ಪುಟವನ್ನು ಅದೇ ದಪ್ಪಕ್ಷರದಲ್ಲಿ, ಸಣ್ಣಗೆ ಜೋಡಿಸಿದ್ದ.

"ಓದು," ಎಂದಳು ತಾಮಾಯೊ.

ಮೂರನೆಯ ಸಾಲಿಗೆ ಅವನು ತಡವರಿಸಿದ. ಕಿವಿ ಕೆಂಪಾಯಿತು. ಕಾಗದ ಮಡಚಿ ಜೇಬಿಗಿಟ್ಟುಕೊಂಡು ಹೋದ. ಮುಂದಿನ ಸಲ ತಂದದ್ದು ಸಾದಾ ಅಕ್ಷರದಲ್ಲಿತ್ತು.

ಆ ಪುಟ ಕೈಸೇರಿದ ಮೇಲೆ ಔಷಧಿ ಅಂಗಡಿಯವನು ಚೀಟಿ ಬದಲಿಸಿದ. ಮೂಲೆಯ ಹಲ್ಲಿನ ಡಾಕ್ಟರು ಮಾತ್ರ 'ನೋವಿಲ್ಲದೆ ಹಲ್ಲು ಕೀಳಲಾಗುವುದು' ಎಂಬ ಫಲಕವನ್ನು ಆ ದಪ್ಪಕ್ಷರದಲ್ಲೇ ಉಳಿಸಿಕೊಂಡರು. ಒಳಗೆ ಹೋಗಿ ಹೇಳೋಣವೆಂದು ತಾಮಾಯೊ ಬಾಗಿಲವರೆಗೆ ಹೋದಳು. ಇನ್ನೊಮ್ಮೆ ಮೊದಲಿಂದ ವಿವರಿಸಬೇಕಲ್ಲ ಎನ್ನಿಸಿ ಸಾಕಾಗಿ, ಮುಲಾಮು ಹಚ್ಚಿದ ಕೈಯನ್ನು ಅಂಗಿಯ ತೋಳಿನೊಳಗೆ ಸೇರಿಸಿಕೊಂಡು ಮನೆಯ ಕಡೆ ತಿರುಗಿದಳು.