ಗಂಟೆ ನಿಂತ ಮೇಲೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಸಂಸತ್ ಭವನದ ಮೊಗಸಾಲೆಯಲ್ಲಿ ಹೆಂಗಸೊಬ್ಬರು ಸಭಾಂಗಣದ ಬಾಗಿಲಿನ ತಿರುಗಣಿಗೆ ಎಣ್ಣೆ ಬಿಡುತ್ತಿದ್ದಾರೆ. ಚಿಲಕ ಎಳೆದು, ಬಿಟ್ಟು, ಮತ್ತೆ ಎಳೆಯುತ್ತಾರೆ. ಕಿರ್ ಅಂದರೆ ಒಳಗಿನವರಿಗೆ ಸಿಟ್ಟು ಬರುತ್ತದಂತೆ, ಇವರ ಬಗ್ಗೆ ಬರೆಯಲು ಬಂದು ಬೆಂಚಿನ ಮೇಲೆ ಕೂತ ನನಗೆ ಹೇಳುತ್ತಾರೆ. ಇವರನ್ನು ಇಲ್ಲಿ ಕರೆಯುವುದು ಬಾಗಿಲಕ್ಕ ಎಂದು. ಈಚೆಗೆ ಕರೆಯುವವರೇ ಕಡಿಮೆ.

ಮಸೂದೆಗೆ ಒಪ್ಪಿಗೆಯೇ ಎಂದು ಸಭಾಧ್ಯಕ್ಷರು ಕೇಳಿದಾಗ ಹೌದು, ಇಲ್ಲ ಎಂಬ ದನಿಗಳಲ್ಲೇ ಹೆಚ್ಚಿನ ಸಲ ತೀರ್ಮಾನವಾಗುತ್ತದೆ. ಯಾರಾದರೂ ತಕರಾರು ತೆಗೆದರೆ ಮತ ಎಣಿಸಬೇಕು. ಆಗ ಭವನದ ತುಂಬ ಗಂಟೆ ಮೊಳಗುತ್ತದೆ. ಕ್ಯಾಂಟೀನಿನಲ್ಲಿ ಕೂತ ಸದಸ್ಯರು ಕಾಫಿ ಕಪ್ಪು ಬಿಟ್ಟು ಓಡಿಬರುತ್ತಾರೆ. ಗಂಟೆ ನಿಂತ ಕೂಡಲೇ ಬಾಗಿಲಕ್ಕ ಚಿಲಕ ಹಾಕಬೇಕು. ಆಮೇಲೆ ಮಂತ್ರಿಯಾದರೂ ಹೊರಗೇ.

ಬಾಗಿಲಕ್ಕನ ಗಂಡ ಇದೇ ಭವನದಲ್ಲಿ ದಿನಗೂಲಿ ಎಲೆಕ್ಟ್ರಿಷಿಯನ್ ಆಗಿದ್ದರು. ಅವರು ತೀರಿಕೊಂಡಾಗ ಪಿಂಚಣಿ ಬರಲಿಲ್ಲ. ಇವರಿಗೆ ಈ ಕೆಲಸ ಸಿಕ್ಕಿತು, ಇದೂ ದಿನಗೂಲಿಯೇ. ಗಂಡನ ತಂಗಿ ಕ್ಯಾಂಟೀನಿನಲ್ಲಿ ಪಾತ್ರೆ ತೊಳೆಯುತ್ತಾರೆ. ಇಬ್ಬರೂ ಇರುವುದು ಒಂದೇ ಕೋಣೆಯಲ್ಲಿ.

ಹೋದ ಅಧಿವೇಶನದಲ್ಲಿ ಒಂದು ಮಸೂದೆ ಬಂತು. ಇಂಥ ದಿನಗೂಲಿಯವರಿಗೂ ಪಿಂಚಣಿ ಕೊಡುವ ಮಸೂದೆ. ಅದನ್ನು ಮಂಡಿಸಿದವರು ಊರುಗೋಲು ಹಿಡಿದು ನಡೆಯುವ ಒಬ್ಬ ಹಿರಿಯ ಸದಸ್ಯರು. ಮತದ ಗಂಟೆಯಾದಾಗ ಅವರು ಕೆಳಗಿನ ಮಹಡಿಯಲ್ಲಿದ್ದರು, ಲಿಫ್ಟು ಕೆಟ್ಟಿತ್ತು. ಮೆಟ್ಟಿಲು ಹತ್ತಿ ಮೊಗಸಾಲೆಗೆ ಬರುವಷ್ಟರಲ್ಲಿ ಗಂಟೆ ನಿಂತಿತು. ದೂರದಿಂದಲೇ ಕೈ ಎತ್ತಿದರು. ಬಾಗಿಲಕ್ಕ ಅವರ ಕಡೆ ನೋಡದೆ ಚಿಲಕ ಹಾಕಿದರು.

ಒಳಗೆ ಮತಗಳು ಸಮಸಮ ಬಂದವು. ಹಾಗೆ ಬಂದಾಗ ಸಭಾಧ್ಯಕ್ಷರು ತಮ್ಮ ಮತವನ್ನು ಇದ್ದ ಕಾನೂನೇ ಇರಲಿ ಎಂಬ ಕಡೆಗೆ ಹಾಕುವುದು ಅಲ್ಲಿನ ರೂಢಿ. ಹೊರಗುಳಿದ ಆ ಒಂದು ಮತವಿಲ್ಲದೆ ಮಸೂದೆ ಬಿದ್ದುಹೋಯಿತು. ಬಿದ್ದ ಮಸೂದೆಯನ್ನು ಅದೇ ಅಧಿವೇಶನದಲ್ಲಿ ಮತ್ತೆ ತರುವಂತಿಲ್ಲ.

ಅಂದಿನಿಂದ ಕಸ ಗುಡಿಸುವವರು, ತೋಟದವರು, ಕಾವಲಿನವರು ಯಾರೂ ಇವರ ಪಕ್ಕ ಕೂತು ಉಣ್ಣುವುದಿಲ್ಲ. ಮನೆಯಲ್ಲಿ ನಾದಿನಿ ಅಡುಗೆ ಮಾಡಿ, ತಟ್ಟೆ ಮುಚ್ಚಿಟ್ಟು, ಗೋಡೆಯ ಕಡೆ ತಿರುಗಿ ಮಲಗುತ್ತಾರೆ. "ಬೈದಿದ್ರೆ ಎಷ್ಟೋ ವಾಸಿ ಇತ್ತು. ಅನ್ನ ಹಾಕ್ತಾಳೆ, ಮಾತು ಹಾಕಲ್ಲ," ಎನ್ನುತ್ತಾರೆ ಬಾಗಿಲಕ್ಕ.

ಮರುದಿನ ಆ ಹಿರಿಯರು ಮಾತ್ರ ಇವರ ಬೆಂಚಿನ ಮೇಲೆ ಬಂದು ಕೂತರಂತೆ. ಊರುಗೋಲನ್ನು ಪಕ್ಕಕ್ಕಿಟ್ಟು, ತಮ್ಮ ಮುಖವನ್ನು ಯಾಕೆ ನೋಡಲಿಲ್ಲ ಎಂದು ಕೇಳಿದರಂತೆ.

"ನೋಡಿದ್ರೆ ತೆಗೆದುಬಿಡ್ತಿದ್ದೆ ಸ್ವಾಮಿ, ಅಂದೆ. ಅವರು ತಲೆ ಆಡಿಸಿದ್ರು. ಕೋಲು ಊರಿ ಎದ್ದು ಹೋದ್ರು."

ಅಂದು ಬಾಗಿಲು ತೆಗೆಯಬಹುದಿತ್ತಲ್ಲ ಎಂದು ನಾನೂ ಕೇಳುತ್ತೇನೆ. ಅವರು ಎಣ್ಣೆಗೈಯನ್ನು ಬಟ್ಟೆಗೆ ಒರೆಸಿಕೊಳ್ಳುತ್ತಾರೆ. "ನಮ್ಮವರಿಗೆ ಅಂತ ಒಂದ್ಸಲ ತೆಗೆದ್ರೆ, ನಾಳೆ ನಮ್ಮನ್ನ ತುಳಿಯೋಕೆ ಬರೋರಿಗೂ ತೆಗೀಬೇಕಾಗುತ್ತೆ. ಇದನ್ನ ನಾದಿನಿಗೆ ಹೇಗೆ ಹೇಳಲಿ? ಅವಳು ಕೂತು ಕೇಳಿದ್ರೆ ತಾನೇ?"

ಹೊಸ ಅಧಿವೇಶನ ಬರುವ ವಾರ. ಹಿರಿಯರು ಮಸೂದೆಯನ್ನು ಮತ್ತೆ ತರುತ್ತಾರಂತೆ. ಈ ಸಲ ಮತದ ದಿನ ರಜೆ ಹಾಕಿಬಿಡು ಎಂದು ಮೇಲ್ವಿಚಾರಕರು ಸೂಚಿಸಿದ್ದಾರೆ. ಬಾಗಿಲಕ್ಕ ಒಪ್ಪಿಲ್ಲ.

"ಅದು ಪಾಸಾಗೋ ದಿನ ಬಾಗಿಲು ಹಾಕೋಳು ನಾನೇ ಆಗಿರಬೇಕು. ಅಷ್ಟಾದ್ರೆ ಸಾಕು."